ಕೊರೆಸಿದ್ದು 7 ಬೋರು, ಕೊರಗಿದ್ದು 7 ವರ್ಷ

ರಾತ್ರಿ 2 ಗಂಟೆ, 1,100 ಅಡಿ ಆಗಿದೆ, ಇನ್ನೂ ಬರೀ ಬಿಳಿ ಧೂಳು. ಆಗ ಬೋರ್ ಕೊರೆಯುವ ರಿಗ್‌ನವನು ನಿಮ್ಮ ಮುಖ ನೋಡಿ "ಅಣ್ಣಾ, ಇನ್ನೊಂದು ನೂರು ಹೋಗೋಣ್ವಾ?" ಅಂತ ಕೇಳುತ್ತಾನಲ್ಲ, ಆ ಗಳಿಗೆ ಕಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ನೀರು ಹುಡುಕೋದು ಹೇಗೆ ಅಂತ ನನ್ನನ್ನು ಕೇಳಬೇಡಿ. ಅದು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಧೂಳಾಗಿ ಹೋದ ದುಡ್ಡನ್ನು ತಲೆಯಿಂದ ಹೇಗೆ ಇಳಿಸಿದೆ ಅನ್ನೋದಷ್ಟೇ ನನಗೆ ಗೊತ್ತಿರೋದು.

ನಮ್ಮದು ಕೋಲಾರದ ಕಡೆ, 4 ಎಕರೆ. 2011ರಿಂದ 2017ರವರೆಗೆ 7 ಬೋರ್ ಹಾಕಿಸಿದೆ. ಮೊದಲನೆಯದು 850 ಅಡಿ ಇರಬೇಕು, ಕೊನೆಯದು 1,400 ದಾಟಿತ್ತು. ಎರಡರಲ್ಲಿ ನೀರು ಬಂತು. ಒಂದು 8 ತಿಂಗಳು ಓಡಿತು, ಇನ್ನೊಂದು ಒಂದು ಬೇಸಿಗೆಯನ್ನೂ ದಾಟಲಿಲ್ಲ. ಉಳಿದ ಐದೂ ಧೂಳು. ನೀರಿನ ಪಾಯಿಂಟ್ ತೋರಿಸೋಕೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೋಡಿದವರು, ಬೇವಿನ ಕಡ್ಡಿ ಹಿಡಿದವರು, ಮಿಷನ್ ತಂದವರು, ಎಲ್ಲರೂ ಬಂದು ಹೋದರು. ತೆಂಗಿನಕಾಯಿ ಮಾತ್ರ ಪ್ರತಿ ಸಲವೂ ಎದ್ದು ನಿಂತಿತು.

2017ರಲ್ಲಿ ಕೈ ಎತ್ತಿದೆ. ಮರುವರ್ಷ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಬಿಡುವ ಯೋಜನೆಯದು, ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಒಂದೊಂದೇ ಕೆರೆ ತುಂಬಿ, ಕೆರೆ ಪಕ್ಕದ ಸತ್ತ ಬೋರ್‌ಗಳಿಗೂ ಜೀವ ಬಂದ ಸುದ್ದಿ. ನಮ್ಮೂರ ಕೆರೆ ಆ ಸಾಲಿನಲ್ಲೇ ಇಲ್ಲ. ಆದರೂ "ಒಂದು ವರ್ಷ ತಡೆದಿದ್ದರೆ" ಅನ್ನೋ ಹುಳ ತಲೆಗೆ ಹೊಕ್ಕಿತು.

ಅದನ್ನು ಓಡಿಸೋಕೆ ಮಾಡದ್ದಿಲ್ಲ. ಮೊದಲು, ಬೋರ್ ಮಾತೇ ಆಡಬಾರದು ಅಂತ ಮನೆಯಲ್ಲಿ ಕಟ್ಟುಮಾಡಿದೆ. ಹೊಲಕ್ಕೆ ಸುತ್ತು ದಾರಿಯಲ್ಲಿ ಹೋಗುತ್ತಿದ್ದೆ, ಕಣ್ಣಿಗೆ ಬೀಳದಿರಲಿ ಅಂತ. ಮಾತು ನಿಂತಿತು, ನಿದ್ದೆಯೂ ನಿಂತಿತು. ಆಮೇಲೆ ಹೋದದ್ದನ್ನು ದುಡಿದೇ ವಾಪಸ್ ತರೋಣ ಅಂತ ಅಣ್ಣನ ಕಡೆಯವರ ನೀರಾವರಿ ಜಮೀನು ಒಂದೂವರೆ ಎಕರೆ ಗುತ್ತಿಗೆ ಹಿಡಿದು ಟೊಮೆಟೊ ಹಾಕಿದೆ. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. 15 ಕೆಜಿ ಬಾಕ್ಸು 60 ರೂಪಾಯಿಗೆ ಇಳಿಯಿತು, ಕೀಳುವ ಕೂಲಿಯೂ ಗಿಟ್ಟದೆ ಹಣ್ಣು ಗಿಡದಲ್ಲೇ ಬಿಟ್ಟೆ, 1.9 ಲಕ್ಷ ಹೋಯಿತು. ಅದೇ ಬಾಕ್ಸು 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 2,000 ದಾಟಿದಾಗ ನಾನು ಟಿವಿ ಆರಿಸಿ ಹೊರಗೆ ಹೋಗಿ ಕೂತೆ. ಬೋರ್ ಕೊರಗಿನ ಮೇಲೆ ಈಗ ಟೊಮೆಟೊ ಕೊರಗು ಬೇರೆ.

ನಡುವೆ ಇನ್ನೊಂದು ಪ್ರಯೋಗ, ನಗಬೇಡಿ. ಕೊರಗು ಬಂದಾಗಲೆಲ್ಲ ಡಬ್ಬಿಗೆ 10 ರೂಪಾಯಿ ದಂಡ. ಮೂರು ವಾರಕ್ಕೆ 640 ರೂಪಾಯಿ ಆಯಿತು. ಆಮೇಲೆ ಕೊರಗು ಬಂದರೂ ಬಂದಿಲ್ಲ ಅಂತ ನನಗೆ ನಾನೇ ಸುಳ್ಳು ಹೇಳಿಕೊಳ್ಳತೊಡಗಿದೆ. ಮಗಳು ಆ ದುಡ್ಡಲ್ಲಿ ಮೊಬೈಲ್ ರೀಚಾರ್ಜ್ ಮಾಡಿಸಿಕೊಂಡಳು. ಟೀ ಅಂಗಡಿಯಲ್ಲಿ ಹೇಳಿಕೊಂಡು ಹಗುರಾಗೋಣ ಅಂದರೆ ಅಲ್ಲಿ ಒಬ್ಬನದು 9 ಬೋರು, ಇನ್ನೊಬ್ಬನದು 11. ನಮ್ಮ ಕಡೆ ಫೇಲ್ ಆದದ್ದರಲ್ಲೂ ಪೈಪೋಟಿ ಇದೆ!

ಕೊನೆಗೆ ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ 2 ವರ್ಷದ ಮಗು ತೆರೆದ ಬೋರ್‌ಗೆ ಬಿತ್ತಲ್ಲ, ಸುಮಾರು 20 ಗಂಟೆ ಆದಮೇಲೆ ಜೀವಂತ ಹೊರಗೆ ತಂದರು. ಅದನ್ನು ಟಿವಿಯಲ್ಲಿ ನೋಡುತ್ತಾ ಹೆಂಡತಿ ಕೇಳಿದಳು, "ರೀ, ನಮ್ಮವು ಹೇಗಿವೆ?" ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಎದ್ದು ಹೋದೆ. ಒಂದರ ಮೇಲೆ ಗೋಣಿಚೀಲ, ಚಪ್ಪಡಿ ಕಲ್ಲು. ಇನ್ನೊಂದರ ಬಾಯಿಯ ಸುತ್ತ ಲಂಟಾನ ಬೆಳೆದು ತೂತೇ ಕಾಣುತ್ತಿರಲಿಲ್ಲ. ಕೈಕಾಲು ತಣ್ಣಗಾಯಿತು.

300 ರೂಪಾಯಿ ಕ್ಯಾಪ್ ಹಾಕಿ ಬಿಡು ಅಂದರು ಎಲ್ಲ. ನಾನು ಮಣ್ಣು ತುಂಬುತ್ತೇನೆ ಅಂದೆ. ದೊಡ್ಡಪ್ಪನ ಮಗ, "ಏನಣ್ಣಾ ಹುಚ್ಚಾ, ನಾಳೆ ನೀರು ಬಂದರೆ?" ಅಂದ. ಅವನ ಮಾತಲ್ಲೂ ನ್ಯಾಯ ಇದೆ, ಅದಕ್ಕೇ ಹಿಂದೆ ನೀರು ಕೊಟ್ಟ ಎರಡನ್ನು ಉಳಿಸಿಕೊಂಡೆ. ಒಂದಕ್ಕೆ ಕ್ಯಾಪು, ಇನ್ನೊಂದರ ಸುತ್ತ ಗುಂಡಿ ತೆಗೆದು ದಪ್ಪ ಕಲ್ಲು, ಜಲ್ಲಿ, ಮರಳು ಹಾಕಿ ಮಳೆನೀರು ಇಂಗಿಸೋ ಹಾಗೆ ಮಾಡಿದೆ. ಐದು ಧೂಳಿನವನ್ನು ತುಂಬಿದೆ.

ತುಂಬೋದು ಸುಲಭ ಅಂದುಕೊಂಡಿದ್ದೆ. ಮೊದಲನೆಯದರಲ್ಲಿ ಹಸಿ ಮಣ್ಣು ಸುರಿದೆ, ಎಲ್ಲೋ 40 ಅಡಿಯಲ್ಲಿ ಕಚ್ಚಿಕೊಂಡು ಬಾಯಿವರೆಗೂ ತುಂಬಿದ ಹಾಗೆ ಕಂಡಿತು, ಒಂದು ಮಳೆಗೆ ಎಲ್ಲ ಒಳಕ್ಕೆ ಹೋಯಿತು. ಎರಡನೆಯದರಲ್ಲಿ ಆಸೆಬಿದ್ದು ಕೇಸಿಂಗ್ (ಮೇಲಿನ ಮಣ್ಣು ಕುಸಿಯದಿರಲಿ ಅಂತ ಇಳಿಸಿರೋ ಪೈಪು) ಮೊದಲೇ ಎಳೆದೆ, ಮೇಲಿನ ಸಡಿಲ ಮಣ್ಣು ಕುಸಿದು ತೂತೇ ಕಟ್ಟಿಕೊಂಡಿತು, ಅದನ್ನು ಬಿಡಿಸೋಕೆ ನಾಲ್ಕು ದಿನ. ಆಮೇಲೆ ಬುದ್ಧಿ ಬಂತು. ಜರಡಿ ಹಿಡಿದ ಒಣ ಮಣ್ಣು, ನಿಧಾನ, ಹತ್ತು ಬಾಂಡ್ಲಿಗೊಮ್ಮೆ ಕಲ್ಲು ಬಿಟ್ಟು ಸದ್ದು ಕೇಳೋದು, ಕೊನೆಯ 100 ಅಡಿ ಉಳಿದಾಗ ಕೇಸಿಂಗ್. ಮೂರರಿಂದ ಕೇಸಿಂಗ್ ಬಂತು, ಕ್ರೇನ್ ಇಲ್ಲದೆ. ಹೇಗೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಅದರಿಂದ ಈಗ ನನಗೆ ನಾಲ್ಕು ಕಾಸು ಹುಟ್ಟುತ್ತಿದೆ.

ಜೆಸಿಬಿ ಕರೆಸಬೇಡಿ, ಇದೇ ಮುಖ್ಯ. ಆರೂವರೆ ಇಂಚಿನ, 1,200 ಅಡಿ ಬೋರ್‌ಗೆ ಸುಮಾರು ಮೂರು ಟ್ರ್ಯಾಕ್ಟರ್ ಲೋಡು ಮಣ್ಣು ಬೇಕು. ಕೈಯಲ್ಲಿ ಹಾಕಿದರೆ 800 ಬಾಂಡ್ಲಿ. ಆ ಬೋರ್‌ಗೆ ನನ್ನ ಖರ್ಚು 1.6 ಲಕ್ಷ. ಅಂದರೆ ಒಂದು ಬಾಂಡ್ಲಿಗೆ 200 ರೂಪಾಯಿ. ನಾನು ಎಣಿಸುತ್ತಾ ಹಾಕಿದೆ, ಇನ್ನೂರು, ನಾನೂರು, ಆರುನೂರು. ಮೊದಲ ದಿನ ಎದೆ ಉರಿಯಿತು. ಎರಡನೇ ದಿನ ಸೊಂಟ ಉರಿಯಿತು, ಎದೆ ಮರೆತೇ ಹೋಯಿತು. ನಾಲ್ಕನೇ ಬೋರ್ ಹೊತ್ತಿಗೆ ಎಣಿಕೆ ತಪ್ಪಿದರೂ ಮತ್ತೆ ಹಿಂದಕ್ಕೆ ಹೋಗಿ ಲೆಕ್ಕ ಹಿಡಿಯಬೇಕು ಅನ್ನಿಸಲಿಲ್ಲ. ಸುಮ್ನೆ ಹಾಕಿದೆ.

ಅದಕ್ಕೆ ಮೊದಲು ಒಂದು ಕೆಲಸ ಮಾಡಿದ್ದೆ, ಪೂರ್ತಿ ಲೆಕ್ಕ ಬರೆದದ್ದು. ಊರವರ ಹತ್ತಿರ 15 ಲಕ್ಷ ಅಂತಿದ್ದೆ, ಹೆಂಡತಿ ಹತ್ತಿರ 12. ನಿಜ ಬರೆದಾಗ: ಕೊರೆಸಿದ್ದು ಹನ್ನೊಂದೂವರೆ ಲಕ್ಷ, ಮೋಟಾರು ಕೇಬಲ್ ಪೈಪು 3.2, ಒಡವೆ ಸಾಲದ ಬಡ್ಡಿ ಎರಡೂಕಾಲು, ಟೊಮೆಟೊ 1.9, ಪಾಯಿಂಟ್‌ನವರು, ಪೂಜೆ, ರಿಗ್ ಹುಡುಗರ ಊಟ ಎಲ್ಲ ಸೇರಿ 60 ಸಾವಿರ. ಹತ್ತೊಂಬತ್ತೂವರೆ ಲಕ್ಷದ ಹತ್ತಿರ. ಜೋರಾಗಿ ಓದಿ ಹೇಳಿದೆ. ಅವಳು "ನನಗೆ ಗೊತ್ತಿತ್ತು, 20 ಅಂದುಕೊಂಡಿದ್ದೆ" ಅಂದಳು! 12 ಅಂತ ಏಳು ವರ್ಷ ಹೆದರಿ ಮುಚ್ಚಿಟ್ಟದ್ದು ದಂಡ.

ಕೇಸಿಂಗ್, ಹಳೇ ಮೋಟಾರು, ಕೇಬಲ್ ಮಾರಿ 75 ಸಾವಿರ ಬಂತು. ಅದನ್ನು ನಷ್ಟದಲ್ಲಿ ಕಳೆಯಬೇಡಿ, ಕಳೆದರೆ ಮತ್ತೆ ಲೆಕ್ಕ ಶುರು. ನಾನು ಹೆಂಡತಿ ಕೈಗೆ ಕೊಟ್ಟೆ. ಅವಳು 6 ಕುರಿಮರಿ ತಂದಳು, 2 ಸತ್ತವು, ಅದು ಅವಳ ವ್ಯವಹಾರ.

ದುಡ್ಡಿನದು ಇಳಿಯಿತು. ಹೋದ ವರ್ಷಗಳದ್ದು ಬಾಂಡ್ಲಿಗೆ ಬಗ್ಗಲಿಲ್ಲ. ಅದಕ್ಕೆ ಸಿಕ್ಕಿದ್ದು ಹಾಲಿನ ಡೈರಿ ಪುಸ್ತಕಗಳು, ಅಟ್ಟದ ಮೇಲೆ ಕಟ್ಟಿಟ್ಟಿದ್ದವು. ಐದನೇ ಬೋರ್ ಫೇಲ್ ಆದ ದಿನ ತೆಗೆದು ನೋಡಿದೆ: ಬೆಳಗ್ಗೆ ಆರೂವರೆ ಲೀಟರ್, ಸಂಜೆ 5. ಏಳನೆಯದರ ಮರುದಿನವೂ ಹಾಲು ಹಾಕಿದೆ. ಹಾಳಾದ ವರ್ಷಗಳು ಅಂದುಕೊಂಡಿದ್ದೆ, ಒಂದು ದಿನವೂ ಖಾಲಿ ಇಲ್ಲ. ಹಾಲು ಕರೆದವಳು ಹೆಂಡತಿ, ಅದೂ ನಿಜ. ಈ ಭಾಗ ಪೂರ್ತಿ ವಾಸಿಯಾಗಿದೆ ಅಂತ ಹೇಳಲ್ಲ, ಮುಕ್ಕಾಲು.

ಕಳೆದ ವರ್ಷ ನಮ್ಮ ಬದುವಿನಿಂದ 200 ಅಡಿ ಆಚೆ ದೊಡ್ಡಪ್ಪನ ಮಗನಿಗೆ 1,380 ಅಡಿಯಲ್ಲಿ ಎರಡು ಇಂಚು ನೀರು ಬಂತು. ಊರೆಲ್ಲ ನೀರು ಬಿಟ್ಟು ನನ್ನ ಮುಖ ನೋಡುತ್ತಿತ್ತು. ಹೋಗಿ ಮುಖ ತೊಳೆದು, ಒಂದು ಬೊಗಸೆ ಕುಡಿದು, "ಚೆನ್ನಾಗಿದೆ ಕಣೋ" ಅಂದು ಬಂದೆ. ಆ ರಾತ್ರಿ ಗೊರಕೆ ಹೊಡೆದೆನಂತೆ. ಎರಡು ದಿನಕ್ಕೆ ಪಾಯಿಂಟ್‌ನವನು ಫೋನ್ ಮಾಡಿ, ನಿಮಗೆ ಫ್ರೀಯಾಗಿ ನೋಡಿಕೊಡ್ತೀನಿ ಅಂದ. ತೆಂಗಿನಕಾಯಿ ತಂದರೆ ಚಟ್ನಿ ಮಾಡಿಸ್ತೀನಿ, ಬಾ ಅಂದೆ.

ಈಗ ಆ ಐದರ ಮೇಲೂ ರಾಗಿ, ಅವರೆ ಬರುತ್ತಿದೆ. ಈ ಸಲದ ಮಳೆಗೆ ಮೂರನೇ ಬೋರ್ ಜಾಗ ಒಂದು ಅಡಿ ಕುಸಿದಿದೆ. ಭಾನುವಾರ ಎರಡು ಬಾಂಡ್ಲಿ ಮಣ್ಣು ಹಾಕಬೇಕು.