ಫ್ಲೂ, ಕೋವಿಡ್, ಆರ್‌ಎಸ್‌ವಿ: ಆಸ್ಪತ್ರೆ ಅಡ್ಮಿಷನ್ ನಂಬರ್ ಓದೋದು ಹೇಗೆ

ಫ್ಲೂ ಸೀಸನ್ ಬಂದ್ರೆ ಸಾಕು, "ಇಂಥ ಗುಂಪಿನವರು ಇಷ್ಟು ಪಟ್ಟು ಜಾಸ್ತಿ ಆಸ್ಪತ್ರೆ ಸೇರಿದಾರೆ" ಅಂತ ಒಂದು ಚಾರ್ಟ್ ಎಲ್ಲಾ ಕಡೆ ಓಡಾಡೋಕೆ ಶುರುವಾಗತ್ತೆ, ಅದನ್ನ ನೋಡಿ ಅರ್ಧ ಜನ "ಅವರ ಮೈಯೇ ಹಾಗೆ ಬಿಡಿ" ಅಂತಾರೆ, ಇನ್ನರ್ಧ ಜನ "ಎಲ್ಲಾ ಸುಳ್ಳು ಲೆಕ್ಕ" ಅಂತಾರೆ. ಎರಡೂ ಆತುರದ ಮಾತೇ. ಇಂಥ ನಂಬರ್ ಕಣ್ಣಿಗೆ ಬಿದ್ದಾಗ ನಾನು ಏನೇನು ನೋಡ್ತೀನಿ ಅಂತ ಇಲ್ಲಿ ಬರೀತಿದೀನಿ. ಸ್ಟ್ಯಾಟಿಸ್ಟಿಕ್ಸ್ ಓದಿರ್ಬೇಕು ಅಂತೇನಿಲ್ಲ, ಗುಣಾಕಾರ ಭಾಗಾಕಾರ ಬಂದ್ರೆ ಸಾಕು.

ಮೊದಲು ಕೇಳ್ಬೇಕಾದ ಪ್ರಶ್ನೆ, ಎಣಿಸಿರೋದು ಏನನ್ನ? ಆಸ್ಪತ್ರೆ ಲೆಕ್ಕ ಅಂದ್ರೆ ಕಾಯಿಲೆ ಬಿದ್ದವರ ಲೆಕ್ಕ ಅಲ್ಲ. ಒಬ್ಬ ಮನುಷ್ಯ ಆ ಚಾರ್ಟಲ್ಲಿ ಒಂದು ಚುಕ್ಕಿ ಆಗ್ಬೇಕಂದ್ರೆ ಅವನಿಗೆ ವೈರಸ್ ತಗುಲಬೇಕು, ಕಾಯಿಲೆ ಜೋರಾಗ್ಬೇಕು, ಆಸ್ಪತ್ರೆವರೆಗೂ ತಲುಪಬೇಕು, ಅಲ್ಲಿ ಬೆಡ್ ಕೊಡ್ಬೇಕು, ಮೂಗಿಗೆ ಕಡ್ಡಿ ಹಾಕಿ ಟೆಸ್ಟ್ ಮಾಡ್ಬೇಕು, ಕೊನೆಗೆ ಯಾರೋ ಅದನ್ನ ಸರಿಯಾಗಿ ಬರೆದಿಡ್ಬೇಕು. ಈ ಆರು ಮೆಟ್ಟಿಲಲ್ಲಿ ಯಾವುದರಲ್ಲಿ ಬೇಕಾದ್ರೂ ಒಂದು ಗುಂಪು ಮುಂದೆ ಒಂದು ಗುಂಪು ಹಿಂದೆ ಆಗ್ಬಹುದು, ಚಾರ್ಟ್ ಮಾತ್ರ ಕೊನೇ ಮೆಟ್ಟಿಲು ಒಂದನ್ನೇ ತೋರ್ಸತ್ತೆ.

ಇದಕ್ಕೆ ಆರ್‌ಎಸ್‌ವಿ, ಅಂದ್ರೆ ಎಳೇ ಮಕ್ಕಳ ಶ್ವಾಸಕೋಶಕ್ಕೆ ಸೋಂಕು ತರೋ ಒಂದು ವೈರಸ್, ಒಳ್ಳೆ ಉದಾಹರಣೆ. 2019ರಲ್ಲಿ ಪ್ರಪಂಚದಾದ್ಯಂತ 5 ವರ್ಷದೊಳಗಿನ ಮಕ್ಕಳಲ್ಲಿ ಈ ವೈರಸ್ಸಿಂದ ಸುಮಾರು 3.3 ಕೋಟಿ ಸಲ ಶ್ವಾಸಕೋಶದ ಸೋಂಕು ಆಯ್ತು, ಸುಮಾರು 36 ಲಕ್ಷ ಅಡ್ಮಿಷನ್ ಆದವು ಅಂತ ಅಂದಾಜು. ಇಲ್ಲಿವರೆಗೂ ಸರಿ. ಸಾವಿನ ಲೆಕ್ಕ ನೋಡಿ: ಆಸ್ಪತ್ರೆಲಿ ತೀರಿಕೊಂಡ ಮಕ್ಕಳು ಸುಮಾರು 26,300, ಒಟ್ಟು ಸತ್ತವರು ಸುಮಾರು 1,01,400. ಅಂದ್ರೆ ಪ್ರತಿ ನಾಲ್ಕು ಸಾವಲ್ಲಿ ಹತ್ತಿರ ಹತ್ತಿರ ಮೂರು ಆಸ್ಪತ್ರೆ ಹೊರಗೆ ಆಗಿವೆ, ಒಟ್ಟು ಸಾವಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಹಾಗಾಗಿ ಒಂದು ಕಡೆ ಅಡ್ಮಿಷನ್ ಕಮ್ಮಿ ಅಂದ್ರೆ ಅಲ್ಲಿ ಮಕ್ಕಳು ಗಟ್ಟಿಮುಟ್ಟಾಗಿದಾರೆ ಅಂತ ಖುಷಿ ಪಡೋ ಹಾಗಿಲ್ಲ, ಆಸ್ಪತ್ರೆನೇ ದೂರ ಇರ್ಬಹುದು. ಅಡ್ಮಿಷನ್ ನಂಬರ್ ಪಕ್ಕ ಸಾವಿನ ನಂಬರ್ ಇಟ್ಟು ನೋಡೋ ಅಭ್ಯಾಸ ಮಾಡ್ಕೊಳ್ಳಿ. ಅಡ್ಮಿಷನ್ ಕಮ್ಮಿ, ಸಾವು ಜಾಸ್ತಿ ಅಂದ್ರೆ ಮೊದಲು ಅನುಮಾನ ಪಡ್ಬೇಕಾದ್ದು ಆಸ್ಪತ್ರೆ ತಲುಪೋ ದಾರಿ ಮೇಲೆ.

ಜೊತೆಗೆ ಯಾರನ್ನ ಲೆಕ್ಕಕ್ಕೆ ತಗೊಂಡ್ರು ಅನ್ನೋ ವ್ಯಾಖ್ಯೆನೂ ಓದಿ. ತೀವ್ರ ಉಸಿರಾಟದ ಸೋಂಕಿಗೆ ವಿಶ್ವ ಆರೋಗ್ಯ ಸಂಸ್ಥೆದು ಒಂದು ವ್ಯಾಖ್ಯೆ ಇದೆ, ಜ್ವರ (ಅಳತೆಲಿ 38 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲೆ, ಇಲ್ಲಾ ಜ್ವರ ಬಂದಿತ್ತು ಅಂತ ಹೇಳಿದ್ರೂ ಸಾಕು), ಕೆಮ್ಮು, ಶುರುವಾಗಿ 10 ದಿನದೊಳಗೆ, ಅಡ್ಮಿಟ್ ಮಾಡೋ ಅಗತ್ಯ. ಫ್ಲೂಗೆ ಇದು ತಕ್ಕಮಟ್ಟಿಗೆ ಸರಿ, ಆದ್ರೆ ವಯಸ್ಸಾದವರಿಗೂ ಎಳೇ ಕೂಸುಗಳಿಗೂ ಎಷ್ಟೋ ಸಲ ಜ್ವರಾನೇ ಬರಲ್ಲ, ಅವರು ಜರಡಿಯಿಂದ ಕೆಳಗೆ ಬಿದ್ದು ಹೋಗ್ತಾರೆ.

ಈಗ ವಯಸ್ಸಿನ ವಿಷಯಕ್ಕೆ ಬರೋಣ, ಹೆಚ್ಚು ಜನ ಎಡವೋದು ಇಲ್ಲೇ, ನಾನೂ ಎಡವಿದೀನಿ. ಎರಡು ಗುಂಪು ಅಂದ್ಕೊಳ್ಳಿ, ಎರಡರಲ್ಲೂ ಒಂದೊಂದು ಲಕ್ಷ ಜನ, ನಂಬರ್ ಎಲ್ಲಾ ನಾನೇ ಲೆಕ್ಕಕ್ಕೋಸ್ಕರ ಹಾಕಿರೋದು. ಮೊದಲನೇ ಗುಂಪಲ್ಲಿ 90,000 ಕಿರಿಯರು, 10,000 ಹಿರಿಯರು. ಎರಡನೇದ್ರಲ್ಲಿ 70,000 ಕಿರಿಯರು, 30,000 ಹಿರಿಯರು. ಮೊದಲ ಗುಂಪಿನ ಕಿರಿಯರಲ್ಲಿ ಲಕ್ಷಕ್ಕೆ 40, ಹಿರಿಯರಲ್ಲಿ ಲಕ್ಷಕ್ಕೆ 400 ಜನ ಅಡ್ಮಿಟ್ ಆಗ್ತಾರೆ ಅನ್ನಿ, ಎರಡನೇ ಗುಂಪಲ್ಲಿ ಸರಿಯಾಗಿ ಅದರ ಅರ್ಧ, 20 ಮತ್ತು 200. ಲೆಕ್ಕ ಹಾಕಿ: ಮೊದಲನೇದು 36 + 40 = 76, ಎರಡನೇದು 14 + 60 = 74. ನೋಡಿದ್ರಾ, 76ಕ್ಕೂ 74ಕ್ಕೂ ಏನ್ ವ್ಯತ್ಯಾಸ ಅಂತ ಪೇಪರ್ ಮಡಚಿಟ್ಟು ಹೋಗ್ತೀರಿ, ಆದ್ರೆ ಯಾವ ವಯಸ್ಸು ತಗೊಂಡ್ರೂ ಮೊದಲ ಗುಂಪಿನವರಿಗೆ ಡಬಲ್ ಅಪಾಯ ಇದೆ, ಎರಡನೇ ಗುಂಪಲ್ಲಿ ವಯಸ್ಸಾದವರು ಜಾಸ್ತಿ ಇರೋದ್ರಿಂದ ಅದು ಮುಚ್ಚಿಹೋಗಿದೆ ಅಷ್ಟೇ. ಇಬ್ಬರಿಗೂ ಒಂದೇ ವಯಸ್ಸಿನ ಅಳತೆಗೋಲು ಹಿಡೀರಿ, 80,000 ಕಿರಿಯರು 20,000 ಹಿರಿಯರು ಅಂತ. ಮೊದಲನೇದು 32 + 80 = 112, ಎರಡನೇದು 16 + 40 = 56. ಈಗ ಹೊರಗೆ ಬಂತು. ಏಜ್ ಅಡ್ಜಸ್ಟ್ ಮಾಡೋದು ಅಂದ್ರೆ ಇಷ್ಟೇ. ಚಾರ್ಟಲ್ಲಿ ಆ ಪದ ಇಲ್ಲ ಅಂದ್ರೆ ಕನಿಷ್ಠ ವಯಸ್ಸಿನ ಪ್ರಕಾರ ಬಿಡಿಸಿ ಕೊಟ್ಟಿದಾರಾ ಹುಡುಕಿ, ಅದೂ ಇಲ್ಲ ಅಂದ್ರೆ ಆ ಚಾರ್ಟ್ ಇಟ್ಕೊಂಡು ವಾದ ಮಾಡ್ಬೇಡಿ.

"ಎಷ್ಟು ಪಟ್ಟು" ಅನ್ನೋದು ಒಂದು, "ಎಷ್ಟು ಜನ ಜಾಸ್ತಿ" ಅನ್ನೋದು ಇನ್ನೊಂದು. ಒಂದು ಗುಂಪಿನ ಮಕ್ಕಳಲ್ಲಿ ಲಕ್ಷಕ್ಕೆ 5, ಇನ್ನೊಂದರಲ್ಲಿ 2 ಅಡ್ಮಿಷನ್ ಇದ್ರೆ ಎರಡೂವರೆ ಪಟ್ಟು, ಕೇಳೋಕೆ ಗಾಬರಿ, ಆದ್ರೆ ಜಾಸ್ತಿ ಆಗಿರೋದು ಲಕ್ಷಕ್ಕೆ 3. ಹಿರಿಯರಲ್ಲಿ 300 ಮತ್ತು 200 ಇದ್ರೆ ಬರೀ ಒಂದೂವರೆ ಪಟ್ಟು, ಜಾಸ್ತಿ ಆಗಿರೋದು 100. ಎರಡನ್ನೂ ಕೇಳಿ.

ಇಷ್ಟೆಲ್ಲಾ ಆದ್ಮೇಲೂ ಅಂತರ ಉಳೀತು ಅಂದ್ರೆ, ಅದು ನಿಜವಾದ ಅಂತರ, ಎಲ್ಲಿಂದ ಬಂತು ಅಂತ ಈಗ ಕೇಳ್ಬಹುದು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2009ರಿಂದ 2022ರವರೆಗಿನ ಫ್ಲೂ ಸೀಸನ್‌ಗಳನ್ನ ಸೇರ್ಸಿ ನೋಡಿದಾಗ, ಬಿಳಿ ವಯಸ್ಕರಿಗೆ ಹೋಲಿಸಿದ್ರೆ ಕಪ್ಪು ವಯಸ್ಕರ ಅಡ್ಮಿಷನ್ ದರ ಸುಮಾರು 80%, ಮೂಲನಿವಾಸಿಗಳದ್ದು 30%, ಹಿಸ್ಪಾನಿಕ್ ಜನರದ್ದು 20% ಜಾಸ್ತಿ ಇತ್ತು. 2021-22ರಲ್ಲಿ ಫ್ಲೂ ಲಸಿಕೆ ತಗೊಂಡ ವಯಸ್ಕರು ಬಿಳಿಯರಲ್ಲಿ 54%, ಕಪ್ಪು ಜನರಲ್ಲಿ 42%, ಮೂಲನಿವಾಸಿಗಳಲ್ಲಿ 41%, ಹಿಸ್ಪಾನಿಕ್ ಜನರಲ್ಲಿ 38%. ಹಾಗಾದ್ರೆ ಲಸಿಕೆ ಒಂದೇ ಕಾರಣಾನಾ? ನಂಬರ್ ಮತ್ತೆ ನೋಡಿ, ಲಸಿಕೆ ಎಲ್ಲರಿಗಿಂತ ಕಮ್ಮಿ ಇರೋ ಗುಂಪಿಗೇ ಅಡ್ಮಿಷನ್ ಎಲ್ಲರಿಗಿಂತ ಜಾಸ್ತಿ ಇರ್ಬೇಕಿತ್ತು, ಹಾಗಿಲ್ಲ. ಅದಕ್ಕೇ ಹೇಳಿದ್ದು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು ಅಂತ. ಮನೇಲಿ ಒಂದು ರೂಮಿಗೆ ಎಷ್ಟು ಜನ, ಮನೇಲೇ ಕೂತು ಮಾಡೋ ಕೆಲಸಾನಾ ದಿನಾ ಜನರ ಮಧ್ಯೆ ನಿಂತು ಮಾಡೋದಾ, ರಜೆ ಹಾಕಿದ್ರೆ ಸಂಬಳ ಕಟ್ ಆಗತ್ತಾ, ಮೊದಲೇ ಅಸ್ತಮಾ ಸಕ್ಕರೆ ಕಾಯಿಲೆ ಇತ್ತಾ, ಎರಡನೇ ದಿನಾನೇ ಡಾಕ್ಟರ್ ಹತ್ರ ಹೋಗೋಕಾಯ್ತಾ ಇಲ್ಲ ಉಸಿರು ಕಟ್ಟೋವರೆಗೂ ಕಾಯ್ಬೇಕಾಯ್ತಾ. ಅಲಾಸ್ಕಾದಲ್ಲಿ ಮನೆಗೆ ನಲ್ಲಿ ನೀರು ಇಲ್ಲದ ಪ್ರದೇಶಗಳಲ್ಲೇ ನ್ಯುಮೋನಿಯಾ, ಫ್ಲೂ, ಚಿಕ್ಕ ಮಕ್ಕಳ ಆರ್‌ಎಸ್‌ವಿ ಅಡ್ಮಿಷನ್ ಜಾಸ್ತಿ ಇದ್ದಿದ್ದು ಕಂಡುಬಂದಿದೆ. ಕೈ ತೊಳೆಯೋಕೆ ನೀರು ಹೊತ್ತು ತರ್ಬೇಕಂದ್ರೆ ಎಷ್ಟು ಸಲ ತೊಳೀತಾರೆ ಹೇಳಿ.

"ಮೈಯೇ ಹಾಗೆ" ಅನ್ನೋರಿಗೆ ಒಂದು ಹಳೇ ಕಥೆ ಹೇಳ್ತೀನಿ. 1918ರ ನವೆಂಬರಲ್ಲಿ ಆಕ್ಲೆಂಡಿಂದ ಬಂದ ಒಂದು ಹಡಗಿಂದ ಪೆಸಿಫಿಕ್ ಸಾಗರದ ದ್ವೀಪ ಪಶ್ಚಿಮ ಸಮೋವಾಗೆ ಫ್ಲೂ ಬಂತು, ಅಲ್ಲಿನ ಐದನೇ ಒಂದು ಭಾಗ ಜನ ಸತ್ತರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಬರೋ ಹಡಗುಗಳನ್ನ ಬಿಗಿಯಾಗಿ ಕ್ವಾರಂಟೈನ್ ಮಾಡಿದ್ರು, ಅಲ್ಲಿ ಒಂದು ಸಾವೂ ಆಗ್ಲಿಲ್ಲ. ಎರಡೂ ಕಡೆ ಅದೇ ಸಮೋವನ್ ಜನ, ಅದೇ ರಕ್ತ.

ಆಸ್ಪತ್ರೆ ಬಾಗಿಲಲ್ಲೇ ಅಂತರ ಹುಟ್ಟೋದೂ ಉಂಟು. ರಕ್ತದ ಆಕ್ಸಿಜನ್ ಅಳೆಯೋಕೆ ಬೆರಳಿಗೆ ಸಿಗಿಸೋ ಪಲ್ಸ್ ಆಕ್ಸಿಮೀಟರ್ 92ರಿಂದ 96% ತೋರಿಸ್ತಿದ್ದಾಗ, ರಕ್ತ ತೆಗೆದು ನೋಡಿದ್ರೆ ನಿಜವಾದ ಆಕ್ಸಿಜನ್ 88%ಗಿಂತ ಕೆಳಗಿದ್ದ ಸಂದರ್ಭ ಎಷ್ಟು ಅಂತ 2020ರ ಒಂದು ಅಮೆರಿಕನ್ ಅಧ್ಯಯನ ಲೆಕ್ಕ ಹಾಕಿತ್ತು: ಬಿಳಿಯರಲ್ಲಿ 3.6%, ಕಪ್ಪು ಜನರಲ್ಲಿ 11.7%. ಆ ರೀಡಿಂಗ್ ಒಂದನ್ನೇ ನಂಬಿ ಯಾರನ್ನಾದ್ರೂ ವಾಪಸ್ ಮನೆಗೆ ಕಳ್ಸಿದ್ರೆ ಅವರು ಅಡ್ಮಿಷನ್ ಚಾರ್ಟಲ್ಲಿ ಬರೋದೇ ಇಲ್ಲ, ಅಂದ್ರೆ ಕಾಣ್ತಿರೋ ಅಂತರಕ್ಕಿಂತ ನಿಜವಾದ್ದು ದೊಡ್ಡದಿರ್ಬಹುದು.

ಸಣ್ಣ ಗುಂಪುಗಳ ನಂಬರ್ ನೋಡುವಾಗ ಸ್ವಲ್ಪ ಹುಷಾರು, ಹೋದ ವಾರ ಇಬ್ಬರು ಈ ವಾರ ನಾಲ್ವರು ಅಂದ್ರೂ "ಡಬಲ್" ಅಂತ ಹೆಡ್‌ಲೈನ್ ಬರತ್ತೆ. ಯಾವ ಗುಂಪು ಅಂತ ದಾಖಲಾಗದೇ ಇರೋ ಕೇಸ್ ಎಷ್ಟಿವೆ ಅಂತಾನೂ ನೋಡಿ, ಅದೇ ನೂರಕ್ಕೆ 30 ಇದ್ರೆ ಉಳಿದ ಹೋಲಿಕೆ ಎಲ್ಲಾ ಅಲ್ಲಾಡ್ತಿರತ್ತೆ. ಇನ್ನು ಚಾರ್ಟಿನ ತುದೀಲಿ ಕೊನೇ ಎರಡ್ಮೂರು ವಾರದ ಗೆರೆ ಕೆಳಗೆ ಇಳಿದಿದ್ರೆ ಅಲೆ ಮುಗೀತು ಅಂದ್ಕೋಬೇಡಿ, ಆಸ್ಪತ್ರೆಗಳಿಂದ ವರದಿ ತಡವಾಗಿ ಬರತ್ತೆ, ಎರಡು ವಾರ ಬಿಟ್ಟು ಅದೇ ಚಾರ್ಟ್ ತೆಗೆದು ನೋಡಿದ್ರೆ ಅದೇ ವಾರದ ನಂಬರ್ ಸಾಮಾನ್ಯವಾಗಿ ಮೇಲೆ ಹೋಗಿರತ್ತೆ.