ಅಡಿಕೆ ಸುಲಿದು ಕಾಲು ಬಾತರೆ ಹೀಗೆ ಮಲಗಿ

ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಮೆಟ್ಟುಗತ್ತಿ ಮುಂದೆ ಕೂತವರು ಏಳುವುದು ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ. ಕೈ ಓಡುತ್ತಲೇ ಇರುತ್ತದೆ, ಕಾಲು ಮಾತ್ರ ಮಣೆ ಮೆಟ್ಟಿಕೊಂಡು ಅಲ್ಲಾಡದೆ ಇರುತ್ತದೆ. ಏಳುವಾಗ ಪಾದ ಭಾರ, ಗಂಟಿನ ಸುತ್ತ ಬಾವು. ನಮ್ಮನೆಗೆ ಸುಲಿಯಲು ಬರುವ ಹೆಂಗಸರಿಗೆಲ್ಲ ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಡೆಯುವಾಗ ಮೀನಖಂಡ ಬಿಗಿದು ಸಡಿಲಾಗಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ರಕ್ತನಾಳದೊಳಗಿನ ಸಣ್ಣ ಕವಾಟಗಳು ಅದು ವಾಪಸ್ ಇಳಿಯದಂತೆ ತಡೆಯುತ್ತವೆ. ಗಂಟೆಗಟ್ಟಲೆ ಕೂತರೆ ದೂಡುವವರೇ ಇಲ್ಲ. ರಕ್ತ ಕೆಳಗೇ ನಿಂತು, ಅದರ ನೀರಿನಂಶ ಸುತ್ತಲಿನ ಮಾಂಸಕ್ಕೆ ಇಳಿಯುತ್ತದೆ. ಮಂಡಿಯ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಬಿಡಿ. ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಂಡರೆ ನೀರು ನಿಂತಿದೆ.

ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲು ಚಾಚಿದರೆ ಹಾಯೆನಿಸುತ್ತದೆ, ಆದರೆ ಬಾವು ಇಳಿಯಲು ಅಷ್ಟು ಸಾಲದು. ಪಾದ ಎದೆಗಿಂತ ಮೇಲಿರಬೇಕು, ಅದಕ್ಕೆ ಮಲಗಲೇಬೇಕು. ಮನೆಯಲ್ಲಿ ಕಂಬಳಿ ಇದ್ದೇ ಇರುತ್ತದೆ, ಅಲ್ವಾ? ಮಡಿಸಿ ಒಂದರ ಮೇಲೊಂದು ಇಡಿ. ಮಂಡಿಯ ಕಡೆ ತಗ್ಗಿರಲಿ, ಪಾದದ ಕಡೆ ಒಂದು ಗೇಣು ಎತ್ತರ ಬರಲಿ. ಮೀನಖಂಡ ಪೂರ್ತಿ ಅದರ ಮೇಲೆ ಒರಗಬೇಕು. ಸುಮಾರು ಜನ ಹಿಮ್ಮಡಿ ಕೆಳಗೆ ಮಾತ್ರ ದಿಂಬು ಕೊಡುತ್ತಾರೆ. ಆಗ ಮಂಡಿಯ ಹಿಂದೆ ಎಳೆತ, ಹಿಮ್ಮಡಿಯಲ್ಲಿ ನೋವು. ಮಂಡಿ ತುಸು ಮಡಿಸಿದಂತಿರಲಿ. ಅದರ ಹಿಂದಿನ ಗುಳಿಗೆ ಕಂಬಳಿಯ ಗಂಟು ಒತ್ತಬಾರದು, ದೊಡ್ಡ ರಕ್ತನಾಳ ಅಲ್ಲೇ ಹಾದುಹೋಗುತ್ತದೆ. ಲಂಗದ ಲಾಡಿಯನ್ನೂ ಸಡಿಲ ಮಾಡಿಕೊಳ್ಳಿ.

15–20 ನಿಮಿಷ ಹೀಗಿರಿ. ಸುಮ್ನೆ ಮಲಗುವ ಬದಲು ಪಾದವನ್ನು ಹಿಂದೆ ಮುಂದೆ ಆಡಿಸುತ್ತಿರಿ, ಮೀನಖಂಡಕ್ಕೆ ಕೆಲಸ ಸಿಗುತ್ತದೆ. ಮಧ್ಯಾಹ್ನವೂ ಒಮ್ಮೆ ಮಾಡಿದರೆ ರಾತ್ರಿ ಬಾವು ಕಡಿಮೆ. ಗೋಡೆಗೆ ಕಾಲು ಒರಗಿಸಿದರೂ ಆಗುತ್ತದೆ, ಜೋಮು ಹಿಡಿದರೆ ಇಳಿಸಿಬಿಡಿ. ಏಳುವಾಗ ಮಗ್ಗುಲಾಗಿ, ತುಸು ಹೊತ್ತು ಕೂತು ಏಳಿ. ಇಲ್ಲದಿದ್ದರೆ ತಲೆ ಸುತ್ತಬಹುದು. ಸುಲಿಯುವಾಗಲೂ ಅಷ್ಟೇ, ಬುಟ್ಟಿ ತುಂಬಿದಾಗಲೆಲ್ಲ ಬೇರೆಯವರಿಗೆ ಹೇಳದೆ ನೀವೇ ಎದ್ದು ಸುರಿದು ಬನ್ನಿ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ದಯವಿಟ್ಟು ಎಣ್ಣೆ ಹಾಕಿ ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಏದುಸಿರು, ಎದೆನೋವು ಇದ್ದರಂತೂ ಒಂದು ಗಳಿಗೆಯೂ ಕಾಯಬೇಡಿ. ಕಾಲು ಎತ್ತಿದರೆ ನೋವು ಜಾಸ್ತಿಯಾಗಿ, ಇಳಿಬಿಟ್ಟರೆ ಕಡಿಮೆಯಾಗುವವರು ಎತ್ತಿಡುವುದೇ ಬೇಡ. ಅವರ ಪಾದಕ್ಕೆ ರಕ್ತ ಸಾಲುತ್ತಿಲ್ಲದಿರಬಹುದು. ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರು ಇದನ್ನು ಗಮನಿಸಬೇಕು. ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಿ. ದಿನ ತುಂಬಿದ ಬಸುರಿಯರು ಅಂಗಾತ ಮಲಗದೆ ಎಡಮಗ್ಗುಲಾಗಿ ಮಲಗಲಿ.

ಬೆಳಿಗ್ಗೆ ಎದ್ದಾಗಲೂ ಬಾವು ಹಾಗೇ ಇದ್ದರೆ ಕೊಯ್ಲು ಮುಗಿಯಲಿ ಅಂತ ಮುಂದೆ ಹಾಕಬೇಡಿ. ಒಂದು ದಿನ ಸುಲಿಯುವುದು ಬಿಟ್ಟು ತೋರಿಸಿಕೊಂಡು ಬನ್ನಿ.