ಎಲ್ಲ ಕ್ರಿಯಾಪದಕ್ಕೂ ಪ್ಯಾಸಿವ್ ಹೊಂದದು

ಕರ್ಮವನ್ನು ಮುಂದೆ ತಂದು, ‘ಈಸ್’ ಅಥವಾ ‘ವಾಸ್’ ಹಾಕಿ, ಕ್ರಿಯಾಪದದ ಮೂರನೇ ರೂಪ ಬರೆಯುವುದು: ಎಸ್ಸೆಸ್ಸೆಲ್ಸಿ ಮಕ್ಕಳು ಇಂಗ್ಲಿಷ್‌ನ ಪ್ಯಾಸಿವ್ ವಾಯ್ಸನ್ನು, ಅಂದರೆ ಕರ್ಮಣಿ ಪ್ರಯೋಗವನ್ನು, ಹೀಗೆ ಬಾಯಿಪಾಠ ಮಾಡಿರುತ್ತಾರೆ. ಸೂತ್ರ ಸರಿಯೇ. ಆದರೆ ಯಾವ ಕ್ರಿಯಾಪದಕ್ಕೆ ಎಂದು ನೋಡದೆ ಬಳಸಿದರೆ ‘ಆ್ಯನ್ ಆ್ಯಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಎಂದಾಗುತ್ತದೆ. ‘ಇದ್ರಾಗ ತಪ್ಪೇನೈತ್ರಿ ಸರ್?’ ಎಂದು ಮಕ್ಕಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಮೊದಲು ಕ್ರಿಯಾಪದವನ್ನು ‘ಏನನ್ನು? ಯಾರನ್ನು?’ ಎಂದು ಕೇಳಿ. ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಪತ್ತೆ ಹಚ್ಚಿದ್ದು ಏನನ್ನು? ಅಶೋಕನ ಶಾಸನವನ್ನು. ಉತ್ತರ ಸಿಕ್ಕಿತು, ಕ್ರಿಯಾಪದ ಸಕರ್ಮಕ. ‘ದಿ ಈಡಿಕ್ಟ್ ವಾಸ್ ಡಿಸ್ಕವರ್ಡ್ ಇನ್ 1915’ ಎಂದು ಧೈರ್ಯವಾಗಿ ಬರೆಯಿರಿ. ಬೀಡನ್ ಹೆಸರು ಬೇಕೆನಿಸಿದರೆ ಮಾತ್ರ ‘ಬೈ’ ಸೇರಿಸಿ.

ಹ್ಯಾಪನ್, ಅರೈವ್, ಡೈ, ಸ್ಲೀಪ್, ಡಿಸಪಿಯರ್ ಮುಂತಾದವುಗಳಿಗೆ ಈ ಪ್ರಶ್ನೆ ಹಾಕಿದರೆ ಉತ್ತರವೇ ಇಲ್ಲ. ಇವು ಅಕರ್ಮಕ. ‘ದಿ ಟ್ರೇನ್ ಅರೈವ್ಡ್’ ಅಷ್ಟೇ, ‘ವಾಸ್ ಅರೈವ್ಡ್’ ಇಲ್ಲ.

ಎರಡೂ ಕಡೆ ಸಲ್ಲುವ ಕ್ರಿಯಾಪದಗಳಲ್ಲೇ ಹೆಚ್ಚು ಎಚ್ಚರ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ ನೀರು ಹೊರಬಿಡುವ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದರ ಚೈನ್ ತುಂಡಾಯಿತು. ‘ದಿ ಚೈನ್ ಬ್ರೋಕ್’ ಎಂದರೆ ತಾನಾಗಿ ತುಂಡಾಯಿತು. ‘ದಿ ಚೈನ್ ವಾಸ್ ಬ್ರೋಕನ್’ ಎಂದು ಬರೆದಿರೋ, ಯಾರೋ ತುಂಡು ಮಾಡಿದರು ಅಥವಾ ಅದು ಮೊದಲೇ ತುಂಡಾಗಿತ್ತು ಎಂಬ ಅರ್ಥ ಹೊರಡುತ್ತದೆ. ಒಂದು ‘ವಾಸ್’ ಬರೆದದ್ದಕ್ಕೆ ಯಾರದೋ ಮೇಲೆ ಆರೋಪ ಹೊರಿಸಿದಂತಾಗಬಾರದಲ್ಲ! ಗೇಟ್‌ನ ಕಥೆ ಬೇರೆ. ಅದನ್ನು ಕೊಚ್ಚಿಕೊಂಡು ಹೋದದ್ದು ನೀರು. ಹಾಗಾಗಿ ‘ದಿ ಗೇಟ್ ವಾಸ್ ವಾಷ್ಡ್ ಅವೇ’ ಸರಿ. ಆಮೇಲೆ ಎಂಜಿನಿಯರ್‌ಗಳು ಅಲ್ಲಿ ನೀರು ತಡೆಯಲು ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿದರು. ‘ಸ್ಟಾಪ್‌ಲಾಗ್ಸ್ ವರ್ ಇನ್‌ಸ್ಟಾಲ್ಡ್’ ಕೂಡ ಸರಿ.

ಇನ್ನು ಕೆಲವಕ್ಕೆ ಕರ್ಮ ಇದ್ದರೂ ಪ್ಯಾಸಿವ್ ಹೊಂದುವುದಿಲ್ಲ: ಇರುವಿಕೆ ಹೇಳುವ ಹ್ಯಾವ್, ಹೋಲಿಕೆಯ ರಿಸೆಂಬಲ್, ಕೊರತೆಯ ಲ್ಯಾಕ್, ಬೆಲೆ ಹೇಳುವ ಕಾಸ್ಟ್. ‘ಗಂಗಾವತಿ ಹ್ಯಾಸ್ ಮೆನಿ ರೈಸ್ ಮಿಲ್ಸ್’ ವಾಕ್ಯವನ್ನು ತಿರುಗಿಸಲಾಗದು. ಇವು ಕ್ರಿಯೆಯನ್ನಲ್ಲ, ಸ್ಥಿತಿಯನ್ನು ಹೇಳುತ್ತವೆ. ಹಾಗೆಂದು ಸ್ಥಿತಿ ಹೇಳುವ ಎಲ್ಲವನ್ನೂ ಕೈಬಿಡಬೇಡಿ. ‘ದಿ ಮಿಲ್ ಈಸ್ ಓನ್ಡ್ ಬೈ ಹರ್ ಫಾದರ್’ ಶುದ್ಧ ಇಂಗ್ಲಿಷ್. ಇಲ್ಲಿ ಸೂತ್ರ ಹುಡುಕುವುದಕ್ಕಿಂತ ಈ ನಾಲ್ಕಾರು ಪದಗಳನ್ನು ನೆನಪಿಡುವುದೇ ಲೇಸು.

ಜತೆಗೆ ಚಿಕ್ಕ ಪದ ಅಂಟಿಕೊಂಡಿರುವ ಲುಕ್ ಆಫ್ಟರ್, ಲಾಫ್ ಅಟ್ ಬಂದರೆ ಆ ಬಾಲವನ್ನು ಕತ್ತರಿಸಬೇಡಿ. ಅಜ್ಜಿ ಮೊಮ್ಮಗಳನ್ನು ನೋಡಿಕೊಂಡಳು ಎನ್ನಲು ‘ಶಿ ವಾಸ್ ಲುಕ್ಡ್ ಆಫ್ಟರ್ ಬೈ ಹರ್ ಗ್ರ್ಯಾಂಡ್‌ಮದರ್’ ಎಂದೇ ಬರೆಯಬೇಕು. ‘ಆಫ್ಟರ್’ ಪಕ್ಕದಲ್ಲಿ ‘ಬೈ’ ಬಂದದ್ದು ಕಂಡು ಗಾಬರಿಯಾಗಿ ಮಕ್ಕಳು ಒಂದನ್ನು ಅಳಿಸುತ್ತಾರೆ. ಎರಡೂ ಇರಲಿ.